ಐರಿಷ್ ಸಿಪಾಯಿಯೊಬ್ಬನ ಜಾಡು ಹಿಡಿದು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಕಳಿಸಿ ಎಂದು ಸಮಿತಿಯವರು ಕೇಳಿದಾಗ, ಶಾಲೆಯ ನೆನಪುಗಳನ್ನು ಬರೆಯಲು ನನಗಿಂತ ಹಿರಿಯರು ಬಹಳ ಮಂದಿ ಇದ್ದಾರೆ ಎನಿಸಿತು. ಹಾಗಾಗಿ ಬೇರೆ ವಿಷಯ ಆರಿಸಿಕೊಂಡಿದ್ದೇನೆ. ಕಂಪನಿ ಕೆಲಸದ ಮೇಲೆ ಕೆಲವು ಕಾಲ ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನಲ್ಲಿದ್ದಾಗ, ನನ್ನ ಟೀಮಿನಲ್ಲಿದ್ದ ಅಲ್ಲಿಯವರೇ ಆದ ಒಬ್ಬ ಹೆಣ್ಣುಮಗಳು ಮೊದಲ ಮಹಾಯುದ್ಧದಲ್ಲಿ ಹೋರಾಡಿದ್ದ ತನ್ನ ಮುತ್ತಜ್ಜನನ್ನು ಹುಡುಕುತ್ತಿದ್ದರು. ಕಂಪ್ಯೂಟರ್ ಕೆಲಸದಲ್ಲಿ ಒಂದಿಷ್ಟು ನೆರವಾಗಲು ಹೋದ ನಾನು ಆ ಹುಡುಕಾಟದಲ್ಲೇ ಸಿಕ್ಕಿಹಾಕಿಕೊಂಡೆ. ಆ ಸಿಪಾಯಿಯ ಹೆಸರು ಇಲ್ಲಿ ಹೇಳುವುದಿಲ್ಲ, ಅದು ಅವರ ಮನೆಯ ವಿಷಯ. ಹುಡುಕಿದ ದಾರಿ ಮಾತ್ರ ಎಲ್ಲರಿಗೂ ಸೇರಿದ್ದು.

ವಂಶಾವಳಿ ಎಂದರೆ ನಮ್ಮ ಕಡೆ ಮೊದಲು ನೆನಪಾಗುವವರು ಹೆಳವರು. ಎತ್ತಿನ ಮೇಲೆ ಬಂದು, ಮನೆಯ ಮುಂದೆ ನಿಂತು, ನಮ್ಮ ಮುತ್ತಾತ ಎಲ್ಲಿಂದ ಬಂದ, ಯಾವ ಹಟ್ಟಿಯ ಹೆಣ್ಣು ತಂದ ಎಂದು ಹೇಳಿ ದವಸ ತೆಗೆದುಕೊಂಡು ಹೋಗುವವರು. ಐರ್ಲೆಂಡಿನಲ್ಲೂ ಇಂಥವರಿದ್ದರು. ಅಲ್ಲಿನ ಸಣ್ಣಪುಟ್ಟ ರಾಜಮನೆತನಗಳ ವಂಶ ಬರೆದಿಡುವುದನ್ನೇ ಕುಲಕಸುಬಾಗಿ ಮಾಡಿಕೊಂಡ ಮನೆತನಗಳಿದ್ದವು. ಅವುಗಳಲ್ಲಿ ಒಂದಾದ ಮ್ಯಾಕ್‌ಫರ್ಬಿಸ್ ಮನೆತನದವನೊಬ್ಬ 17ನೇ ಶತಮಾನದ ನಡುವೆ ಬರೆದ ದೊಡ್ಡ ವಂಶಾವಳಿ ಗ್ರಂಥ ಇಂದಿಗೂ ಉಳಿದಿದೆ. ಆದರೆ ಇಂಗ್ಲಿಷರು ಆ ರಾಜರನ್ನೆಲ್ಲ ಮುರಿದ ಮೇಲೆ ಬರೆಯುವವರಿಗೆ ಆಸರೆ ಇಲ್ಲವಾಯಿತು. ಅಲ್ಲದೆ ಅವರು ಬರೆದದ್ದು ಒಡೆಯರ ವಂಶವನ್ನು. ಕೂಲಿಯವನ ಅಜ್ಜನ ಹೆಸರು ಅವರಿಗೆ ಬೇಕಿರಲಿಲ್ಲ. ಹೆಳವರು ಸಾಮಾನ್ಯ ಒಕ್ಕಲು ಮನೆಯ ಹೆಸರನ್ನೂ ನೆನಪಿಟ್ಟರು. ಈ ವಿಷಯದಲ್ಲಿ ನಾವೇ ಪುಣ್ಯವಂತರು ಎನ್ನಬೇಕು.

ಹಾಗಿದ್ದರೂ ವಂಶದ ಹುಡುಕಾಟದ ಹುಚ್ಚು ಐರಿಷರಿಗೆ ಇರುವಷ್ಟು ನಮಗಿಲ್ಲ. ಅದಕ್ಕೆ ಕಾರಣ ಹಸಿವು. 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು, ಅದೊಂದನ್ನೇ ತಿಂದು ಬದುಕುತ್ತಿದ್ದ ಬಡವರು ಹತ್ತು ಲಕ್ಷದಷ್ಟು ಮಂದಿ ಕೆಲವೇ ವರ್ಷಗಳಲ್ಲಿ ಸತ್ತರು. ಅದಕ್ಕಿಂತ ಹೆಚ್ಚು ಮಂದಿ ಹಡಗು ಹತ್ತಿದರು. 1841ರ ಜನಗಣತಿಯಲ್ಲಿ ಸುಮಾರು 82 ಲಕ್ಷ ಇದ್ದ ಜನ 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿದಿದ್ದರು. ಆಮೇಲೂ ವಲಸೆ ನಿಲ್ಲಲಿಲ್ಲ. ಹೀಗೆ ಚದುರಿದವರ ಮೊಮ್ಮಕ್ಕಳು ಮರಿಮಕ್ಕಳು ಅಮೆರಿಕ, ಆಸ್ಟ್ರೇಲಿಯಾಗಳಿಂದ ತಮ್ಮ ಊರು ಹುಡುಕಿಕೊಂಡು ಇಂದಿಗೂ ಬರುತ್ತಾರೆ. ಊರಲ್ಲೇ ಉಳಿದವರೂ ಹುಡುಕುತ್ತಾರೆ. ನನ್ನ ಸಹೋದ್ಯೋಗಿ ಉಳಿದವರ ಪೈಕಿ.

ಅವರ ಮನೆಯಲ್ಲಿ ನಡೆದುಬಂದ ಮಾತು ಇಷ್ಟೇ: ಮುತ್ತಜ್ಜ ವಯಸ್ಸಿನಲ್ಲಿ ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋಗಿದ್ದ, ಕಾಲು ಏಟಾಗಿ ವಾಪಸು ಬಂದ. ಅಜ್ಜಿ ತೀರಿಕೊಂಡ ಮೇಲೆ ಬೀರು ಖಾಲಿ ಮಾಡುವಾಗ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಅದರಲ್ಲಿ ಮೂರು ಪದಕ. ಒಂದು ಕಂಚಿನ ನಕ್ಷತ್ರ, ಒಂದು ಬೆಳ್ಳಿಯದು, ಒಂದು ವಿಜಯದೇವತೆಯ ಚಿತ್ರವಿರುವ ಕಂಚಿನದು. ಮೊದಲ ಮಹಾಯುದ್ಧದಲ್ಲಿ 1915ರ ಕೊನೆಯೊಳಗೆ ರಣರಂಗಕ್ಕೆ ಹೋದ ಬ್ರಿಟಿಷ್ ಸೇನೆಯ ಸಿಪಾಯಿಗಳಿಗೆ ಸಾಮಾನ್ಯವಾಗಿ ಸಿಕ್ಕ ಮೂರು ಪದಕಗಳು ಇವು. ಪತ್ರಿಕೆಯ ವ್ಯಂಗ್ಯಚಿತ್ರದ ಪಾತ್ರಗಳ ಹೆಸರಿನಲ್ಲಿ ಜನ ಇವನ್ನು ಪಿಪ್, ಸ್ಕ್ವೀಕ್, ವಿಲ್‌ಫ್ರೆಡ್ ಎಂದು ಕರೆಯುತ್ತಿದ್ದರಂತೆ. ಅಂದರೆ ಎಲ್ಲರ ಮನೆಯಲ್ಲೂ ಇದ್ದಂಥವು, ಶೌರ್ಯಕ್ಕೆ ಕೊಟ್ಟವಲ್ಲ.

ಆದರೆ ಆ ಪದಕಗಳಲ್ಲಿ ಒಂದು ಉಪಕಾರವಿದೆ. ನಕ್ಷತ್ರದ ಹಿಂಭಾಗದಲ್ಲಿ, ಉಳಿದೆರಡರ ಅಂಚಿನ ಸುತ್ತ, ಸಿಪಾಯಿಯ ನಂಬರು, ದರ್ಜೆ, ಹೆಸರು, ದಳ ಇಷ್ಟನ್ನೂ ಅಚ್ಚೊತ್ತಿರುತ್ತಾರೆ. ಭೂತಗನ್ನಡಿ ಹಿಡಿದು ಓದಿದರೆ ಸಾಕು. ಐರ್ಲೆಂಡಿನಲ್ಲಿ ಹೆಸರೊಂದೇ ಇದ್ದರೆ ಏನೂ ಪ್ರಯೋಜನವಿಲ್ಲ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುವಂತೆ ಅವರೂ ಇಡುತ್ತಾರೆ, ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಎಂಬ ರೂಢಿ. ಒಂದೇ ದಳದಲ್ಲಿ ಒಂದೇ ಹೆಸರಿನವರು ಹತ್ತಾರು ಜನ. ದಳದ ಜೊತೆ ನಂಬರೂ ಸಿಕ್ಕಿದರೆ ಮಾತ್ರ ಮನುಷ್ಯ ಒಬ್ಬನೇ ಆಗುತ್ತಾನೆ. ಡೇಟಾಬೇಸ್ ಕೆಲಸ ಮಾಡುವ ನನಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ದಳ, ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್. ಪದಕ ಯಾರಿಗೆ ಕೊಡಬೇಕೆಂದು ಲೆಕ್ಕ ಇಡಲು ಸೇನಾ ಗುಮಾಸ್ತರು ಬರೆದ ಲಕ್ಷಾಂತರ ಕಾರ್ಡುಗಳು ಲಂಡನ್ನಿನ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿವೆ, ಈಗ ಇಂಟರ್‌ನೆಟ್ಟಿನಲ್ಲೂ ನೋಡಬಹುದು. ಪೋಸ್ಟ್ ಕಾರ್ಡಿಗಿಂತ ತುಸು ಬೇರೆ ಅಳತೆಯ ಒಂದು ರಟ್ಟು, ಅದರಲ್ಲಿ ಆರೇಳು ಸಾಲು. ಈ ಸಿಪಾಯಿಯ ಕಾರ್ಡಿನಲ್ಲಿ ಮೊದಲು ಕಾಲಿಟ್ಟ ರಣರಂಗ ಎಂಬಲ್ಲಿ "2ಬಿ" ಎಂದೂ, ತಾರೀಕಿನ ಜಾಗದಲ್ಲಿ "25-4-15" ಎಂದೂ ಇತ್ತು. 2ಬಿ ಎಂದರೆ ಗ್ಯಾಲಿಪೊಲಿ. ಆ ತಾರೀಕು ನೋಡಿ ನನ್ನ ಸಹೋದ್ಯೋಗಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಸುಮಾರು ಹೊತ್ತು ಮಾತಾಡಲಿಲ್ಲ.

ಏಕೆಂದು ಹೇಳಬೇಕಾದರೆ ಆ ದಳದ ಕಥೆ ಹೇಳಬೇಕು, ಅದು ಆರಂಭವಾಗುವುದು ನಮ್ಮ ನೆಲದಲ್ಲೇ. ಈಸ್ಟ್ ಇಂಡಿಯಾ ಕಂಪನಿ ಮದರಾಸಿನಲ್ಲೂ ಮುಂಬಯಿಯಲ್ಲೂ ಬಿಳಿಯ ಸಿಪಾಯಿಗಳ ದಳಗಳನ್ನು ಸಾಕಿತ್ತು. 19ನೇ ಶತಮಾನದಲ್ಲಿ ಕಂಪನಿಯ ಆ ಬಿಳಿಯ ಸಿಪಾಯಿಗಳಲ್ಲಿ ಬಹುದೊಡ್ಡ ಪಾಲು ಊಟಕ್ಕಿಲ್ಲದೆ ಸೇರಿದ ಐರಿಷ್ ಹುಡುಗರೇ. 1857ರ ನಂತರ ಕಂಪನಿ ಹೋಗಿ ರಾಣಿಯ ಆಳ್ವಿಕೆ ಬಂದಾಗ ಈ ದಳಗಳು ಬ್ರಿಟಿಷ್ ಸೇನೆಗೆ ಸೇರಿದವು. 1881ರಲ್ಲಿ ರಾಯಲ್ ಮದರಾಸ್ ಫ್ಯೂಸಿಲಿಯರ್ಸ್ ಮತ್ತು ರಾಯಲ್ ಬಾಂಬೆ ಫ್ಯೂಸಿಲಿಯರ್ಸ್ ಎರಡನ್ನೂ ಜೋಡಿಸಿ ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್ ಎಂದು ಹೆಸರಿಟ್ಟರು. ಮದರಾಸಿನದು ಮೊದಲನೇ ಬೆಟಾಲಿಯನ್, ಮುಂಬಯಿಯದು ಎರಡನೆಯದು. ಹೊಸ ಹೆಸರು ಬಂದರೂ ಹಳೆಯ ಗೆಲುವುಗಳ ಪಟ್ಟಿ ಹಾಗೆಯೇ ಉಳಿಯಿತು. ಆರ್ಕಾಟ್, ಪ್ಲಾಸಿ, ವಾಂಡಿವಾಷ್, ಮೈಸೂರು, ನಂದಿದುರ್ಗ, ಶ್ರೀರಂಗಪಟ್ಟಣ. ಡಬ್ಲಿನ್ನಿನ ಗಲ್ಲಿಗಳಲ್ಲಿ ಹುಟ್ಟಿದ ಹುಡುಗರ ದಳದ ಗೌರವ ಪಟ್ಟಿಯಲ್ಲಿ ಟಿಪ್ಪುವಿನ ಕೋಟೆಗಳ ಹೆಸರು!

ಯುದ್ಧ ಶುರುವಾದ 1914ರ ಆಗಸ್ಟ್‌ನಲ್ಲಿ ಆ ಮೊದಲನೇ ಬೆಟಾಲಿಯನ್ ಮದರಾಸಿನಲ್ಲೇ ಇತ್ತು. ಅಲ್ಲಿಂದ ಹಡಗಿನಲ್ಲಿ ಇಂಗ್ಲೆಂಡಿಗೆ ಕರೆಸಿಕೊಂಡು, ಕೆಲವೇ ತಿಂಗಳಲ್ಲಿ ತುರ್ಕಿಯ ಗ್ಯಾಲಿಪೊಲಿ ಪರ್ಯಾಯ ದ್ವೀಪಕ್ಕೆ ಕಳಿಸಿದರು. 1915ರ ಏಪ್ರಿಲ್ 25ರ ಬೆಳಗ್ಗೆ ವಿ ಬೀಚ್ ಎಂದು ಗುರುತಿಟ್ಟ ಸಣ್ಣ ಮರಳ ದಂಡೆಯಲ್ಲಿ ಇಳಿಯಬೇಕಾಗಿತ್ತು. ಮನ್‌ಸ್ಟರ್ ಫ್ಯೂಸಿಲಿಯರ್ಸ್ ಎಂಬ ಇನ್ನೊಂದು ಐರಿಷ್ ದಳದವರು ರಿವರ್ ಕ್ಲೈಡ್ ಎಂಬ ಹಳೆಯ ಕಲ್ಲಿದ್ದಲು ಹಡಗಿನಲ್ಲಿ ಬಂದರು, ಆ ಹಡಗನ್ನು ಬೇಕೆಂದೇ ದಡಕ್ಕೆ ತಾಗಿಸಿ ಬದಿಯಲ್ಲಿ ಕೊರೆದ ಬಾಗಿಲುಗಳಿಂದ ಇಳಿಯುವ ಉಪಾಯ. ಡಬ್ಲಿನ್ನಿನವರಲ್ಲಿ ಹೆಚ್ಚಿನವರು ಬಂದದ್ದು ಮರೆಯೇ ಇಲ್ಲದ ದೋಣಿಗಳಲ್ಲಿ. ದಂಡೆಯ ಸುತ್ತ ಅರ್ಧಚಂದ್ರದ ಹಾಗೆ ಎತ್ತರದ ನೆಲ, ಅಲ್ಲಿ ತುರ್ಕಿಯ ಸೈನಿಕರು ಕಾದಿದ್ದರು. ದೋಣಿ ದಡ ಮುಟ್ಟುವ ಮೊದಲೇ ಗುಂಡಿನ ಮಳೆ. ಬೆನ್ನ ಮೇಲಿನ ಹೊರೆಯ ಭಾರಕ್ಕೆ ಆಳವಿಲ್ಲದ ನೀರಿನಲ್ಲೇ ಎಷ್ಟೋ ಮಂದಿ ಮುಳುಗಿ ಸತ್ತರು. ಕೆಲವು ದಿನಗಳಲ್ಲಿ ಎರಡೂ ದಳಗಳಲ್ಲಿ ಉಳಿದವರು ಎಷ್ಟು ಕಡಿಮೆಯಾದರೆಂದರೆ ಇಬ್ಬರನ್ನೂ ಸೇರಿಸಿ ಒಂದೇ ಬೆಟಾಲಿಯನ್ ಮಾಡಬೇಕಾಯಿತು. ಡಬ್ಲಿನ್, ಮನ್‌ಸ್ಟರ್ ಎರಡೂ ಹೆಸರು ಕೂಡಿಸಿ ಸಿಪಾಯಿಗಳೇ ಅದಕ್ಕೆ "ಡಬ್‌ಸ್ಟರ್ಸ್" ಎಂದು ಹೆಸರಿಟ್ಟುಕೊಂಡರು.

ಅಂದಮೇಲೆ ಕೆಲಸಕ್ಕೆ ಇಂಗ್ಲೆಂಡಿಗೆ ಹೋಗಿದ್ದ ಎಂಬ ಮುತ್ತಜ್ಜ ಆ ಬೆಳಗ್ಗೆ ಆ ದೋಣಿಗಳ ಗುಂಪಿನಲ್ಲಿದ್ದ.

ಇನ್ನೂ ಹೆಚ್ಚು ತಿಳಿಯಬೇಕೆಂದರೆ ಅವನ ಸೇವಾ ಕಡತ ಬೇಕು. ಸೇರುವಾಗ ಬರೆದುಕೊಂಡ ಎತ್ತರ, ಎದೆ ಸುತ್ತಳತೆ, ಕಣ್ಣಿನ ಬಣ್ಣ, ಹತ್ತಿರದ ನೆಂಟರ ವಿಳಾಸ, ಶಿಕ್ಷೆ, ಗಾಯ, ಎಲ್ಲ ಅದರಲ್ಲಿರುತ್ತದೆ. ಆದರೆ 1940ರ ಸೆಪ್ಟೆಂಬರಿನಲ್ಲಿ, ಅಂದರೆ ಮುಂದಿನ ಮಹಾಯುದ್ಧದಲ್ಲಿ, ಜರ್ಮನ್ ಬಾಂಬ್ ಲಂಡನ್ನಿನ ಆರ್ನ್‌ಸೈಡ್ ಬೀದಿಯ ಸೇನಾ ಉಗ್ರಾಣದ ಮೇಲೆ ಬಿತ್ತು. ಅಲ್ಲಿದ್ದ ಸುಮಾರು 65 ಲಕ್ಷ ಸಿಪಾಯಿಗಳ ಕಡತಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಸುಟ್ಟುಹೋದವು. ಉಳಿದವು ಅಂಚು ಕರಕಾಗಿ, ಬೆಂಕಿ ಆರಿಸಿದ ನೀರಿನಲ್ಲಿ ನೆನೆದು ಉಳಿದವು. ಇವಕ್ಕೆ ಅಲ್ಲಿ ಇಂದಿಗೂ "ಸುಟ್ಟ ದಾಖಲೆಗಳು" ಎಂದೇ ಹೆಸರು. ಈ ಸಿಪಾಯಿಯದು ಆ ಉಳಿದವುಗಳಲ್ಲಿ ಇರಲಿಲ್ಲ.

ಆದರೆ ಗಾಯಗೊಂಡವರಿಗೆ ಪಿಂಚಣಿ ಕೊಟ್ಟ ಇಲಾಖೆ ಬೇರೆ. ಅದರ ಲೆಕ್ಕದ ಕಾರ್ಡುಗಳು ಬೇರೆ ಕಡೆ ಇದ್ದವು. 60 ಲಕ್ಷಕ್ಕೂ ಮಿಕ್ಕಿದ ಆ ಕಾರ್ಡುಗಳನ್ನು ಇಟ್ಟುಕೊಳ್ಳಲಾರದೆ ಬ್ರಿಟಿಷ್ ರಕ್ಷಣಾ ಇಲಾಖೆ ಕೈಬಿಡುವ ಸ್ಥಿತಿಯಲ್ಲಿದ್ದಾಗ, 2012ರಲ್ಲಿ ವೆಸ್ಟರ್ನ್ ಫ್ರಂಟ್ ಅಸೋಸಿಯೇಷನ್ ಎಂಬ ಇತಿಹಾಸಾಸಕ್ತರ ಸಂಘ ಅಷ್ಟನ್ನೂ ತನ್ನ ವಶಕ್ಕೆ ತೆಗೆದುಕೊಂಡು ಉಳಿಸಿತು. ಸರ್ಕಾರಕ್ಕೆ ಬೇಡವಾದ ರಟ್ಟುಗಳು. ಅದರಲ್ಲಿ ಈ ಮುತ್ತಜ್ಜನ ಕಾರ್ಡು ಸಿಕ್ಕಿತು: ಎಡಗಾಲಿಗೆ ಗುಂಡೇಟು, ಹೆಂಡತಿಯ ಹೆಸರು, ಮದುವೆಯ ತಾರೀಕು, ಮಕ್ಕಳು ಹುಟ್ಟಿದ ದಿನಗಳು, ಡಬ್ಲಿನ್ನಿನ ಉತ್ತರ ಭಾಗದ ಒಂದು ಬೀದಿಯ ವಿಳಾಸ. ಮದುವೆಯ ದಾಖಲೆ ತೆಗೆಸಿದರೆ ತಂದೆಯ ಹೆಸರು ಸಿಕ್ಕಿತು. ತಂದೆಯ ಹೆಸರು ಸಿಕ್ಕಿದ ಮೇಲೆ 1911ರ ಜನಗಣತಿಗೆ ಹೋಗಬಹುದು.

ಈ ಜನಗಣತಿಯ ಬಗ್ಗೆ ನಾಲ್ಕು ಮಾತು ಹೆಚ್ಚಾಗಿ ಹೇಳಿದರೆ ಓದುವವರು ಕ್ಷಮಿಸಬೇಕು, ನನಗೆ ಇಡೀ ಹುಡುಕಾಟದಲ್ಲಿ ಬಹಳ ಹಿಡಿಸಿದ್ದು ಇದೇ. 1901 ಮತ್ತು 1911ರ ಐರ್ಲೆಂಡ್ ಜನಗಣತಿಯ ಒಂದೊಂದು ಮನೆಯ ಹಾಳೆಯೂ ಅಲ್ಲಿನ ರಾಷ್ಟ್ರೀಯ ದಾಖಲೆ ಸಂಗ್ರಹದವರ ಕೃಪೆಯಿಂದ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ನೋಡಸಿಗುತ್ತದೆ. 1911ರ ಏಪ್ರಿಲ್ 2ರ ಭಾನುವಾರ ರಾತ್ರಿ ಮನೆಯಲ್ಲಿ ಮಲಗಿದ್ದವರು ಯಾರು, ಅವರ ವಯಸ್ಸು, ಧರ್ಮ, ಓದು ಬರಹ, ಕಸುಬು, ಹುಟ್ಟಿದ ಜಿಲ್ಲೆ, ಐರಿಷ್ ಭಾಷೆ ಬರುತ್ತದೆಯೇ ಇಲ್ಲವೇ ಎಲ್ಲ ಬರೆದಿದೆ. ಗೋಡೆ ಕಲ್ಲೋ ಮಣ್ಣೋ, ಸೂರು ಹುಲ್ಲೋ ಹೆಂಚೋ, ಮುಂದುಗಡೆ ಕಿಟಕಿ ಎಷ್ಟು, ಹಸುವಿನ ಕೊಟ್ಟಿಗೆ ಹಂದಿಯ ಗೂಡು ಇದೆಯೇ ಎಂಬುದನ್ನು ಪೊಲೀಸರು ಬೇರೆ ಹಾಳೆಯಲ್ಲಿ ತುಂಬಿಕೊಂಡರು. ಆ ವರ್ಷ ಹೊಸದಾಗಿ ಒಂದು ಕ್ರೂರ ಪ್ರಶ್ನೆ ಸೇರಿತ್ತು: ಮದುವೆಯಾದ ಹೆಂಗಸರು ಎಷ್ಟು ಮಕ್ಕಳನ್ನು ಹೆತ್ತರು, ಅವರಲ್ಲಿ ಎಷ್ಟು ಜೀವಂತ ಇದ್ದಾರೆ.

ನಮ್ಮ ಸಿಪಾಯಿಯ ಮನೆಯ ಹಾಳೆಯಲ್ಲಿ ಆ ಜಾಗದಲ್ಲಿ 8 ಮತ್ತು 4 ಎಂದಿತ್ತು. ಮನೆ ಎಂದರೆ ದೊಡ್ಡ ಹಳೆಯ ಕಟ್ಟಡದ ಒಂದೇ ಕೋಣೆ. ಆ ಕಾಲದ ಡಬ್ಲಿನ್ನಿನಲ್ಲಿ ಸುಮಾರು 26,000 ಕುಟುಂಬಗಳು ಇಂಥ ವಠಾರಗಳಲ್ಲಿ ಇದ್ದವು, ಅವುಗಳಲ್ಲಿ ಸುಮಾರು 20,000 ಕುಟುಂಬಗಳಿಗೆ ಇದ್ದದ್ದು ಒಂದೊಂದೇ ಕೋಣೆ. ಹೆನ್ರಿಯೆಟಾ ಬೀದಿಯ ಬರೀ 15 ಮನೆಗಳಲ್ಲಿ 835 ಜನ ಇದ್ದರೆಂದು ಅದೇ ಜನಗಣತಿ ಹೇಳುತ್ತದೆ. ಆ ಒಂದು ಕೋಣೆಯಲ್ಲಿ ತಂದೆ, ತಾಯಿ, ನಾಲ್ಕು ಮಕ್ಕಳು, ತಂದೆಯ ತಾಯಿ. ಹಿರಿಯ ಮಗ, ಮುಂದೆ ಸಿಪಾಯಿಯಾದವನು, 17 ವರ್ಷ, ಸುದ್ದಿ ಒಯ್ಯುವ ಹುಡುಗ ಎಂದು ಕಸುಬು. ತಂದೆ ಕೂಲಿ, ಹುಟ್ಟಿದ್ದು ಪಕ್ಕದ ಕಿಲ್ಡೇರ್ ಜಿಲ್ಲೆ, ಓದು ಬಾರದು. ಹಾಳೆಯ ಕೆಳಗೆ ಅವನ ಸಹಿಯ ಜಾಗದಲ್ಲಿ ಒಂದು ಕತ್ತರಿ ಗುರುತು, ಪಕ್ಕದಲ್ಲಿ ಪೊಲೀಸಿನವನ ಅಕ್ಷರದಲ್ಲಿ ಅವನ ಹೆಸರು. ನಮ್ಮ ತಾತಂದಿರ ಹೆಬ್ಬೆಟ್ಟಿನ ಹಾಗೆ. ಮಗನಿಗೆ ಓದಲು ಬರೆಯಲು ಬರುತ್ತಿತ್ತು. ಆ ಓದು ಬರಹದ ಹುಡುಗ ಮಾರನೆಯ ವರ್ಷ ಸೇನೆಗೆ ಸೇರಿದ. ಯಾಕೆ ಎಂದು ಆ ಒಂದು ಕೋಣೆಯನ್ನು ನೋಡಿದ ಮೇಲೆ ಕೇಳಬೇಕಾಗಿಲ್ಲ. ರಾಜನ ಮೇಲಿನ ಪ್ರೀತಿ ಎಂದು ಒಂದು ಪಕ್ಷ, ದೇಶದ್ರೋಹ ಎಂದು ಇನ್ನೊಂದು ಪಕ್ಷ ಆಮೇಲೆ ನೂರು ವರ್ಷ ಜಗಳವಾಡಿದವು. ನನಗೆ ಕಾಣುವುದು ಊಟ, ಬೂಟು, ವಾರದ ಸಂಬಳ.

ಅಜ್ಜಿಯ ವಯಸ್ಸು ಒಂದು ತಮಾಷೆ. 1901ರ ಹಾಳೆಯಲ್ಲಿ 60, ಹತ್ತು ವರ್ಷದ ನಂತರ 1911ರಲ್ಲಿ 75! ಇದು ಆ ಮನೆಯ ಒಂದೇ ಕಥೆಯಲ್ಲ, ಇಡೀ ಐರ್ಲೆಂಡಿನದು. 1909ರ ಜನವರಿಯಿಂದ 70 ತುಂಬಿದ ಬಡವರಿಗೆ ವೃದ್ಧಾಪ್ಯ ವೇತನ ಶುರುವಾಯಿತು. ಐರ್ಲೆಂಡಿನಲ್ಲಿ ಎಲ್ಲರ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ, ಆದ್ದರಿಂದ 70 ಆದವರ ಬಳಿ ಕಾಗದ ಇರಲು ಸಾಧ್ಯವೇ ಇಲ್ಲ. ಸಾವಿರಾರು ಮಂದಿಗೆ ಒಮ್ಮೆಗೇ ವಯಸ್ಸಾಯಿತು. ನಮ್ಮ ಶಾಲೆಗಳ ದಾಖಲಾತಿ ಪುಸ್ತಕದಲ್ಲಿ ಒಂದು ತಲೆಮಾರಿನ ಅರ್ಧ ಊರೇ ಜೂನ್ 1ರಂದು ಹುಟ್ಟಿದ ಹಾಗೆ ಇರುತ್ತದಲ್ಲ, ಹಾಗೆ. ಮುಂದೆ ಯಾರಾದರೂ ಕರ್ನಾಟಕದ ಇತಿಹಾಸ ಬರೆಯುವಾಗ ಆ ದಿನ ಏನೋ ಪವಾಡ ನಡೆಯಿತೆಂದು ತಿಳಿದಾರು.

ಅಲ್ಲಿನ ಸರ್ಕಾರ ಮಾತ್ರ ಬಾಯಿ ಮಾತನ್ನು ಪೂರ್ತಿ ನಂಬಲಿಲ್ಲ. ವೇತನ ಕೇಳಿದವರು ತಮ್ಮ ತಂದೆ ತಾಯಿಯ ಹೆಸರು, ಚಿಕ್ಕಂದಿನಲ್ಲಿ ಇದ್ದ ಊರು ಬರೆದುಕೊಟ್ಟರೆ, ಡಬ್ಲಿನ್ನಿನ ದಾಖಲೆ ಕಚೇರಿಯ ಗುಮಾಸ್ತರು 1841 ಮತ್ತು 1851ರ ಜನಗಣತಿ ಪುಸ್ತಕ ತೆರೆದು, ಆ ಮನೆಯಲ್ಲಿ ಈ ಹೆಸರಿನ ಮಗು ಆಗ ಎಷ್ಟು ವರ್ಷದ್ದಾಗಿತ್ತು ಎಂದು ನೋಡಿ ಅರ್ಜಿಯ ಮೇಲೆ ಬರೆಯುತ್ತಿದ್ದರು. ಈ ಅಜ್ಜಿಯ ಅರ್ಜಿಯೂ ಇತ್ತು. 1851ರಲ್ಲಿ ಆಕೆಗೆ 12 ವರ್ಷ ಎಂದು ಗುಮಾಸ್ತ ಬರೆದಿದ್ದ. ಅಂದರೆ ಆಕೆಗೆ 70 ತುಂಬಿದ್ದು ನಿಜವೇ.

ಆ ಅರ್ಜಿಯ ಬೆಲೆ ಏನೆಂದು ತಿಳಿಯಬೇಕಾದರೆ ಎರಡನೆಯ ಬೆಂಕಿಯ ವಿಷಯ ಹೇಳಬೇಕು. ಕಾಲದಲ್ಲಿ ಅದೇ ಮೊದಲನೆಯದು.

ಡಬ್ಲಿನ್ನಿನ ಹೊಳೆಯ ದಡದಲ್ಲಿ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯಗಳ ಕಟ್ಟಡವಿದೆ. ಅದರ ಆವರಣದಲ್ಲೇ ಐರ್ಲೆಂಡಿನ ಸಾರ್ವಜನಿಕ ದಾಖಲೆ ಕಚೇರಿ ಇತ್ತು, ಏಳು ಶತಮಾನಗಳ ಕಾಗದ ಅಲ್ಲಿತ್ತು. ಬ್ರಿಟಿಷರ ಜೊತೆ ಒಪ್ಪಂದವಾಗಿ ಸ್ವಾತಂತ್ರ್ಯ ಬಂದಾಗ, ಒಪ್ಪಂದ ಸಾಲದು ಎಂದವರು 1922ರ ಏಪ್ರಿಲ್‌ನಲ್ಲಿ ಆ ಕಟ್ಟಡ ಹಿಡಿದು ಕೂತರು. ದಾಖಲೆ ಕಚೇರಿಯಲ್ಲಿ ಮದ್ದುಗುಂಡು ಇಟ್ಟುಕೊಂಡರು. ಜೂನ್ ಕೊನೆಯಲ್ಲಿ ಹೊಸ ಸರ್ಕಾರ ಬ್ರಿಟಿಷರಿಂದಲೇ ಪಡೆದ ಫಿರಂಗಿಗಳಿಂದ ಅವರ ಮೇಲೆ ಗುಂಡು ಹಾರಿಸಿತು. ಆ ಫಿರಂಗಿ ದಾಳಿಯ ಹೊಣೆ ಹೊತ್ತಿದ್ದವನು ಎಮೆಟ್ ಡಾಲ್ಟನ್, ಕೆಲವು ವರ್ಷದ ಹಿಂದಷ್ಟೇ ಬ್ರಿಟಿಷ್ ಸೇನೆಯಲ್ಲಿ ಇದೇ ಡಬ್ಲಿನ್ ಫ್ಯೂಸಿಲಿಯರ್ಸ್‌ನ ಅಧಿಕಾರಿಯಾಗಿ ಯುದ್ಧ ಮಾಡಿ ಪದಕ ಗೆದ್ದವನು. 1922ರ ಜೂನ್ 30ರಂದು ಭಾರಿ ಸ್ಫೋಟವಾಗಿ ದಾಖಲೆಗಳ ಕಟ್ಟಡ ಹೊತ್ತಿ ಉರಿಯಿತು. ಸುಟ್ಟ ಕಾಗದದ ಚೂರುಗಳು ಊರಿನ ಮೇಲೆಲ್ಲ ಹಾರಿ ಬಿದ್ದವು. ಕಿಚ್ಚಿಟ್ಟದ್ದು ಯಾರ ತಪ್ಪು ಎಂದು ಎರಡೂ ಕಡೆಯವರು ಇನ್ನೂ ಒಬ್ಬರನ್ನೊಬ್ಬರು ತೋರಿಸುತ್ತಾರೆ. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಹಾಳೆಗಳು ಬಹುಪಾಲು ಬೂದಿಯಾದವು. ಅದರ ನಂತರದ ನಾಲ್ಕು ಜನಗಣತಿಗಳ ಗತಿ ಇದಕ್ಕಿಂತ ನಾಚಿಕೆಗೇಡು, ಅವನ್ನು ಬೆಂಕಿ ಮುಟ್ಟಲೇ ಇಲ್ಲ. ಸರ್ಕಾರವೇ ಬೇಡವೆಂದು ಮೊದಲೇ ನಾಶ ಮಾಡಿತ್ತು. 1881 ಮತ್ತು 1891ರವು ಯುದ್ಧಕಾಲದ ಕಾಗದದ ಅಭಾವಕ್ಕೆ ಅರೆದು ತಿರುಳಾದವು.

ಒಂದೇ ಸರ್ವರಿನಲ್ಲಿ ಎಲ್ಲ ಇಟ್ಟು ಬ್ಯಾಕಪ್ ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳುವ ಹೊಸ ಹುಡುಗರಿಗೆ ನಾನು ಈಗ ಈ ಕಥೆ ಹೇಳುತ್ತೇನೆ. ಆದರೆ ಬ್ಯಾಕಪ್ ಇತ್ತು, ಯಾರೂ ಅದನ್ನು ಬ್ಯಾಕಪ್ ಎಂದು ಮಾಡಿರಲಿಲ್ಲ ಅಷ್ಟೆ. ಮುದುಕಿಯೊಬ್ಬಳ ವೇತನದ ಅರ್ಜಿಗಾಗಿ ಗುಮಾಸ್ತ ನಕಲು ಮಾಡಿದ ಒಂದು ಸಾಲು, ಮೂಲ ಪುಸ್ತಕ ಬೂದಿಯಾದ ಮೇಲೂ ಉಳಿಯಿತು. ದೊಡ್ಡವರ ಉಯಿಲುಗಳ ಸಾರಾಂಶವನ್ನು ವಿಲಿಯಂ ಬೆಥಮ್ ಎಂಬ ವಂಶಾವಳಿಗಾರ ತನ್ನ ಪುಸ್ತಕಗಳಲ್ಲಿ ಬರೆದಿಟ್ಟಿದ್ದ, ಅವೂ ಉಳಿದವು. ಬೆಂಕಿಗೆ ಮೂರು ವರ್ಷ ಮೊದಲು, 1919ರಲ್ಲಿ, ಆ ಕಚೇರಿಯ ಹರ್ಬರ್ಟ್ ವುಡ್ ಎಂಬ ಅಧಿಕಾರಿ ಯಾವ ಕಪಾಟಿನಲ್ಲಿ ಏನಿದೆ ಎಂಬ ಪಟ್ಟಿಯನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ್ದರು. ಹೋದದ್ದು ಏನು ಎಂದು ನಿಖರವಾಗಿ ತಿಳಿಯುವುದು ಆ ಪುಸ್ತಕದಿಂದ. ಸ್ಫೋಟಕ್ಕೆ ನೂರು ವರ್ಷ ತುಂಬಿದಾಗ, 2022ರ ಜೂನ್‌ನಲ್ಲಿ, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನವರ ನೇತೃತ್ವದಲ್ಲಿ ಸುಟ್ಟ ಕಚೇರಿಯನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿದ್ದಾರೆ. ಜಗತ್ತಿನ ಬೇರೆ ಬೇರೆ ಗ್ರಂಥಾಲಯಗಳಲ್ಲಿ ಚದುರಿದ್ದ ನಕಲುಗಳನ್ನು ಹುಡುಕಿ ಹುಡುಕಿ, ವುಡ್ ಅವರ ಪಟ್ಟಿಯ ಪ್ರಕಾರ ಅದೇ ಕಪಾಟುಗಳಿಗೆ ಜೋಡಿಸುತ್ತಿದ್ದಾರೆ. ನನ್ನ ವೃತ್ತಿಯಲ್ಲಿ ಇದಕ್ಕಿಂತ ಒಳ್ಳೆಯ ಕೆಲಸವನ್ನು ನಾನು ಕಂಡಿಲ್ಲ.

ಅಜ್ಜಿಯ ಅರ್ಜಿಯಲ್ಲಿ ಕಿಲ್ಡೇರ್ ಜಿಲ್ಲೆಯ ಒಂದು ಟೌನ್‌ಲ್ಯಾಂಡಿನ ಹೆಸರಿತ್ತು. ಟೌನ್ ಎಂದರೂ ಅದು ಪಟ್ಟಣವಲ್ಲ, ನಮ್ಮ ಮಜರೆ ಎಂದಿಟ್ಟುಕೊಳ್ಳಿ, ಐರ್ಲೆಂಡಿನಲ್ಲಿ ಇಂಥವು 60,000ಕ್ಕೂ ಹೆಚ್ಚಿವೆ. ಟೌನ್‌ಲ್ಯಾಂಡ್ ಗೊತ್ತಾಯಿತೆಂದರೆ ಅರ್ಧ ಗೆದ್ದ ಹಾಗೆ. ಆ ಭಾಗದ ಕ್ಯಾಥೊಲಿಕ್ ಚರ್ಚಿನ ಪುಸ್ತಕಗಳನ್ನು ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಇಂಟರ್‌ನೆಟ್ಟಿಗೆ ಹಾಕಿದೆ. ಆಳುವವರ ಚರ್ಚಿನ ಪುಸ್ತಕಗಳಲ್ಲಿ ಬಹಳಷ್ಟು ಜೋಪಾನಕ್ಕೆಂದು ದಾಖಲೆ ಕಚೇರಿಗೆ ಕಳಿಸಿದ್ದರಿಂದ ಸುಟ್ಟವು. ಬಡವರ ಚರ್ಚಿನವು ಊರಲ್ಲೇ ಪಾದ್ರಿಯ ಪೆಟ್ಟಿಗೆಯಲ್ಲಿದ್ದು ಉಳಿದವು. ಹೆಸರುಗಳೆಲ್ಲ ಲ್ಯಾಟಿನ್‌ನಲ್ಲಿ, ಜೇಮ್ಸ್ ಹೋಗಿ ಯಾಕೋಬುಸ್, ವಿಲಿಯಂ ಹೋಗಿ ಗುಲಿಯೆಲ್ಮುಸ್. ಶಾಯಿ ಹರಡಿದ ಒಂದು ಪುಟದಲ್ಲಿ 1863ರಲ್ಲಿ ಸಿಪಾಯಿಯ ತಂದೆಯ ಜ್ಞಾನಸ್ನಾನ ಸಿಕ್ಕಿತು. ಸರ್ಕಾರದ ಜನನ ನೋಂದಣಿಗೆ ಒಂದೇ ವರ್ಷ ಮೊದಲು.

ಅದಕ್ಕೂ ಹಿಂದೆ ಹೋಗಲು ಇರುವುದು ಗೇಣಿಯ ಲೆಕ್ಕ. ರಿಚರ್ಡ್ ಗ್ರಿಫಿತ್ ಎಂಬ ಅಧಿಕಾರಿ 1847ರಿಂದ 1864ರವರೆಗೆ ತೆರಿಗೆಗಾಗಿ ಇಡೀ ದೇಶದ ಮನೆ ಹೊಲ ಅಳೆಸಿ ಬೆಲೆ ಕಟ್ಟಿಸಿದ, ಅದು ಅಚ್ಚಾದ ಪುಸ್ತಕವಾದ್ದರಿಂದ ಯಾವ ಬೆಂಕಿಗೂ ಪೂರ್ತಿ ಸಿಗಲಿಲ್ಲ. ಅದರಲ್ಲಿ ಅಜ್ಜಿಯ ತಂದೆ ಒಂದು ಮನೆಯ ಒಕ್ಕಲು. ಜಮೀನು ಇಲ್ಲ. ಮನೆಯ ವಾರ್ಷಿಕ ಬೆಲೆ ಐದು ಷಿಲಿಂಗ್. ಜೊತೆಗಿರುವ ನಕ್ಷೆ ಹಿಡಿದು ಒಂದು ಶನಿವಾರ ನಾವು ಹೋಗಿ ನೋಡಿದೆವು. ಮುಳ್ಳು ಬೇಲಿಯ ಮೂಲೆಯಲ್ಲಿ ತುರಿಕೆ ಸೊಪ್ಪು ಬೆಳೆದ ಒಂದು ದಿಬ್ಬ, ಒಳಗೆ ನಾಲ್ಕಾರು ಕಲ್ಲು. ಅದಕ್ಕೂ ಹಿಂದಿನವರ ಹೆಸರು ಎಲ್ಲೂ ಇಲ್ಲ.

ಎರಡು ಬೆಂಕಿಗಳನ್ನು ದಾಟಿ ಇಷ್ಟು ಕಾಗದ ಸಿಕ್ಕಿತು. ಆದರೆ ಆ ಮನೆಯಲ್ಲಿ ಸಿಪಾಯಿ ಎಂಬ ಮಾತೇ ಯಾಕೆ ಉಳಿಯಲಿಲ್ಲ? ಅದನ್ನು ಬೆಂಕಿ ಸುಟ್ಟದ್ದಲ್ಲ.

ಇವನು ಗಾಯಗೊಂಡು ಮಲಗಿದ್ದ ಕಾಲದಲ್ಲಿ, 1916ರ ಏಪ್ರಿಲ್ 24ರಂದು, ಡಬ್ಲಿನ್ನಿನಲ್ಲಿ ಈಸ್ಟರ್ ದಂಗೆ ಎದ್ದಿತು. ದಂಗೆಕೋರರ ಮೇಲೆ ಗುಂಡು ಹಾರಿಸಲು ಹೋದ ತುಕಡಿಗಳಲ್ಲಿ ಡಬ್ಲಿನ್ ಫ್ಯೂಸಿಲಿಯರ್ಸ್‌ನ ಒಂದು ಬೆಟಾಲಿಯನ್ನೂ ಇತ್ತು, ಒಂದೇ ಬೀದಿಯ ಹುಡುಗರು ಎರಡೂ ಕಡೆ. ಮೊದಲಿಗೆ ಜನ ದಂಗೆಕೋರರನ್ನೇ ಬೈದರು. ಸಿಪಾಯಿಗಳ ಹೆಂಡಿರಿಗೆ ಅಂಚೆ ಕಚೇರಿಯಲ್ಲಿ ಸಿಗುತ್ತಿದ್ದ ಭತ್ಯೆ ನಿಂತಿತಲ್ಲ ಎಂಬ ಸಿಟ್ಟು ಬೇರೆ. ಮೇ ತಿಂಗಳಲ್ಲಿ ಬ್ರಿಟಿಷರು ದಂಗೆಯ ನಾಯಕರನ್ನು ಒಬ್ಬೊಬ್ಬರಾಗಿ ಗುಂಡಿಟ್ಟು ಕೊಂದರು. ಅಲ್ಲಿಗೆ ಜನರ ಮನಸ್ಸು ತಿರುಗಿತು. ಯುದ್ಧ ಮುಗಿಸಿ ಬಂದವರು ಕಂಡದ್ದು ತಾವು ಬಿಟ್ಟುಹೋದ ಊರನ್ನಲ್ಲ. ಹೋಗುವಾಗ ಬ್ಯಾಂಡು ಬಾರಿಸಿ ಕಳಿಸಿದ್ದ ಊರಿನಲ್ಲಿ ಈಗ ಪದಕ ತೊಟ್ಟು ಹೊರಗೆ ಬರುವಂತಿರಲಿಲ್ಲ. ಸುಮಾರು ಎರಡು ಲಕ್ಷ ಐರಿಷರು ಆ ಯುದ್ಧದಲ್ಲಿ ಸೇವೆ ಮಾಡಿದ್ದರು, 35,000ದಷ್ಟು ಮಂದಿ ಸತ್ತಿದ್ದರು ಎಂದು ಇತಿಹಾಸಕಾರರ ಅಂದಾಜು. ಆದರೂ ಬಿಸ್ಕತ್ತಿನ ಡಬ್ಬಿಯೇ ಅವರ ಪದಕಗಳಿಗೆ ಜಾಗವಾಯಿತು. 1922ರ ಜೂನ್ 12ರಂದು ದಕ್ಷಿಣ ಐರ್ಲೆಂಡಿನ ದಳಗಳ ಬಾವುಟಗಳನ್ನು ವಿಂಡ್ಸರ್ ಅರಮನೆಯಲ್ಲಿ ದೊರೆಗೆ ಒಪ್ಪಿಸಿದರು. ಹದಿನೆಂಟು ದಿನದ ಮೇಲೆ ದಾಖಲೆ ಕಚೇರಿ ಸುಟ್ಟಿತು. ಜುಲೈ 31ಕ್ಕೆ ದಳಗಳೇ ಇಲ್ಲವಾದವು. ಒಂದು ದೇಶ ಏಳು ವಾರದಲ್ಲಿ ತನ್ನ ಹಿಂದಿನದನ್ನು ಇಷ್ಟು ಕಳೆದುಕೊಂಡದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ನನ್ನ ಸಹೋದ್ಯೋಗಿಗೆ ಇನ್ನೊಬ್ಬ ಮುತ್ತಜ್ಜ ಇದ್ದ, ತಾಯಿಯ ಕಡೆಯವನು. ಅವನು 1919ರಿಂದ 1921ರವರೆಗೆ ಬ್ರಿಟಿಷರ ವಿರುದ್ಧ ಬಂದೂಕು ಹಿಡಿದವನು. ಅವನ ಫೋಟೊ ನಡುಮನೆಯಲ್ಲಿದೆ. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಕಡತಗಳನ್ನು ಐರಿಷ್ ಸರ್ಕಾರ ಒಂದೊಂದನ್ನೂ ಜೋಪಾನ ಮಾಡಿದೆ. 1947ರಿಂದ ಹತ್ತು ವರ್ಷ ಹೋರಾಟಗಾರರನ್ನು ಕೂರಿಸಿಕೊಂಡು ಬರೆಸಿಕೊಂಡ 1,773 ಹೇಳಿಕೆಗಳು ಬೇರೆ ಇವೆ. ಈ ಮುತ್ತಜ್ಜನ ಬಗ್ಗೆ ತಿಳಿಯಲು ಅವರಿಗೆ ಒಂದು ಸಂಜೆ ಸಾಕಾಯಿತು. ಆ ಮುತ್ತಜ್ಜನಿಗೆ ಒಂದೂವರೆ ವರ್ಷ. ಇಬ್ಬರೂ ಒಂದೇ ಬೀದಿಯ ಚರ್ಚಿಗೆ ಹೋಗುತ್ತಿದ್ದರಂತೆ, ಮಕ್ಕಳ ಮದುವೆಯಲ್ಲಿ ಬೀಗರಾಗಿ ಪಕ್ಕದಲ್ಲಿ ಕೂತಿದ್ದರು. ಏನು ಮಾತಾಡಿಕೊಂಡರೋ!

ಮೌನ ಪೂರ್ತಿ ಎಂದೂ ಹೇಳಲಾಗದು. ಮಾಜಿ ಸಿಪಾಯಿಗಳಿಗೆಂದು ಡಬ್ಲಿನ್ನಿನ ಕಿಲೆಸ್ಟರ್ ಎಂಬಲ್ಲಿ ಕೈತೋಟವಿರುವ ಸುಮಾರು 250 ಮನೆಗಳನ್ನು ಕಟ್ಟಿದ್ದರು. ಲಿಫಿ ಹೊಳೆಯ ದಂಡೆಯ ಐಲ್ಯಾಂಡ್‌ಬ್ರಿಡ್ಜ್‌ನಲ್ಲಿ ಸತ್ತವರ ಸ್ಮಾರಕ ಉದ್ಯಾನವನ್ನು 1930ರ ದಶಕದಲ್ಲಿ ಕಟ್ಟಿದರು. ಕೆಲಸಕ್ಕೆ ಕರೆದ ಕೂಲಿಗಳಲ್ಲಿ ಅರ್ಧ ಬ್ರಿಟಿಷ್ ಸೇನೆಯ ಮಾಜಿಗಳು, ಅರ್ಧ ಐರಿಷ್ ಸೇನೆಯ ಮಾಜಿಗಳು. ನಕ್ಷೆ ಬರೆದವರು ದೆಹಲಿಯ ಇಂಡಿಯಾ ಗೇಟ್ ಕಟ್ಟಿದ ಅದೇ ಎಡ್ವಿನ್ ಲುಟ್ಯೆನ್ಸ್. ಒಂದೇ ಕೈ, ಒಂದೇ ಯುದ್ಧ. ಆದರೆ ಐಲ್ಯಾಂಡ್‌ಬ್ರಿಡ್ಜ್ ದಶಕಗಟ್ಟಲೆ ಹುಲ್ಲು ಬೆಳೆದು ಹಾಳುಬಿದ್ದಿತ್ತು, 1988ರಲ್ಲಿ ದುರಸ್ತಿಯಾಯಿತು. 2011ರಲ್ಲಿ ಬ್ರಿಟನ್ನಿನ ರಾಣಿಯೂ ಐರ್ಲೆಂಡಿನ ರಾಷ್ಟ್ರಪತಿ ಮೇರಿ ಮೆಕಲೀಸ್ ಅವರೂ ಒಟ್ಟಿಗೆ ಅಲ್ಲಿ ಹೂವಿಟ್ಟರು. ಡಬ್ಬಿಗಳು ಬೀರುವಿನಿಂದ ಹೊರಬರಲು ಅಲ್ಲಿಂದ ಮುಂದೆ ಧೈರ್ಯ ಬಂತು ಎಂದು ಅಲ್ಲಿನವರು ಹೇಳುತ್ತಾರೆ.

ಹೋದ ವರ್ಷ ಆ ಸಹೋದ್ಯೋಗಿ ನಮ್ಮ ಬೆಂಗಳೂರು ಕಚೇರಿಗೆ ಒಂದು ವಾರದ ಕೆಲಸಕ್ಕೆ ಬಂದಿದ್ದರು. ಭಾನುವಾರ ಎಲ್ಲಿಗೆ ಹೋಗೋಣ ಎಂದಾಗ ನಾನು ಮಾಲ್ ತೋರಿಸಲಿಲ್ಲ, ನಂದಿ ಬೆಟ್ಟಕ್ಕೆ ಕರೆದುಕೊಂಡು ಹೋದೆ. 1791ರ ಅಕ್ಟೋಬರ್ 19ರ ರಾತ್ರಿ ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನ ಈ ಕೋಟೆಯನ್ನು ಹತ್ತಿ ಹಿಡಿದಿತ್ತು, ಆ ಸೇನೆಯಲ್ಲಿ ಮದರಾಸಿನ ಬಿಳಿಯ ದಳವೂ ಇತ್ತು. ಅದೇ ಕಾರ್ನ್‌ವಾಲಿಸ್ ಏಳು ವರ್ಷದ ಮೇಲೆ ಐರ್ಲೆಂಡಿಗೆ ರಾಜಪ್ರತಿನಿಧಿಯಾಗಿ ಹೋಗಿ 1798ರ ಬಂಡಾಯ ಅಡಗಿಸಿದ ಎಂದು ಅವರು ಹೇಳಿದರು, ಅದು ಅವರ ಶಾಲೆಯ ಪಾಠದಲ್ಲಿತ್ತಂತೆ, ನಮ್ಮ ಪಾಠದಲ್ಲಿ ಇರಲಿಲ್ಲ. ಕೋಟೆಯ ಗೋಡೆಯ ಮೇಲೆ ಕೂತು ಫೋನಿನಲ್ಲಿ ದಳದ ಗೌರವ ಪಟ್ಟಿ ತೆಗೆದು "ನಂದಿದುರ್ಗ" ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಅವರು ಹೇಗೆ ಕೆಡಿಸಿ ಬರೆದಿದ್ದಾರೆಂದು ತೋರಿಸಿದರು. ಸರಿಯಾಗಿ ಹೇಳುವುದನ್ನು ನಾನು ಕಲಿಸಿದೆ. ನಾಲ್ಕನೇ ಸಲಕ್ಕೆ ದುರ್ಗ ಎನ್ನಲು ಬಂತು. ಕೆಳಗಿಳಿಯುವಾಗ ಜೋಳ ಸುಡುತ್ತಿದ್ದ ಹೆಂಗಸಿನ ಹತ್ತಿರ ಎರಡು ತೆನೆ ಕೊಂಡೆವು.